ಸಕ್ಕರೆ, ಬೆಲ್ಲ, ಜೇನು, ಕಾಕಂಬಿ: ಒಂದರ ಬದಲು ಇನ್ನೊಂದನ್ನು ಹಾಕುವ ಮುನ್ನ

ಕುದಿಯುವ ಪಾಯಸಕ್ಕೆ ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಹಾಲು ಒಡೆಯುತ್ತದೆ. ಬಿಸ್ಕತ್ತಿಗೆ ಜೇನು ಸೇರಿಸಿದರೆ ಗರಿಗರಿ ಹೋಗಿ ಮೆತ್ತಗಾಗುತ್ತದೆ. ಚಿಕ್ಕಿಗೆ ಜೋನಿ ಬೆಲ್ಲ, ಅಂದರೆ ದ್ರವರೂಪದ ಬೆಲ್ಲ, ಸುರಿದರೆ ತಟ್ಟೆಗೆ ಅಂಟಿಕೊಂಡದ್ದು ಏಳುವುದೇ ಇಲ್ಲ. ಆದರೆ ಪುಳಿಯೋಗರೆ ಗೊಜ್ಜಿಗೆ ಬೆಲ್ಲದ ಬದಲು ಎರಡು ಚಮಚ ಸಕ್ಕರೆ ಹಾಕಿ ನೋಡಿ, ಮನೆಯಲ್ಲಿ ಒಬ್ಬರಿಗೂ ಗೊತ್ತಾಗುವುದಿಲ್ಲ.

‘ಒಂದು ಕಪ್ ಸಕ್ಕರೆಗೆ ಮುಕ್ಕಾಲು ಕಪ್ ಜೇನು’ ಎಂಬಂಥ ಒಂದೇ ಸಾಲಿನ ಸೂತ್ರಗಳು ಎಲ್ಲೆಡೆ ಸಿಗುತ್ತವೆ. ಸೂತ್ರದಲ್ಲಿ ತಪ್ಪೇನಿಲ್ಲ. ಅದು ಯಾವ ತಿಂಡಿಗೆ ಒಗ್ಗುತ್ತದೆ, ಯಾವುದಕ್ಕೆ ಒಗ್ಗುವುದಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಸಿಹಿಯನ್ನು ಅದಲುಬದಲು ಮಾಡುವಾಗ ನಾವು ಬದಲಿಸುವುದು ರುಚಿಯೊಂದನ್ನೇ ಅಲ್ಲ. ನೀರು, ಹುಳಿ, ಬಣ್ಣ, ಬಿಗಿ ಎಲ್ಲವೂ ಜೊತೆಯಲ್ಲೇ ಬದಲಾಗುತ್ತವೆ. ಇವನ್ನು ಒಂದೊಂದಾಗಿ ಸರಿದೂಗಿಸುವುದು ಹೇಗೆ ಎಂಬುದೇ ಇಲ್ಲಿಯ ವಿಷಯ.

ಹಂತ 1: ಆ ತಿಂಡಿಯಲ್ಲಿ ಸಕ್ಕರೆ ಏನು ಮಾಡುತ್ತಿದೆ ನೋಡಿ

ಕಾಫಿ, ಪಾನಕ, ಸಾರು, ಗೊಜ್ಜುಗಳಲ್ಲಿ ಸಕ್ಕರೆಗೆ ಸಿಹಿ ಕೊಡುವುದೊಂದೇ ಕೆಲಸ. ಇಲ್ಲಿ ಏನು ಬೇಕಾದರೂ ಹಾಕಿ, ನಾಲಿಗೆ ಒಪ್ಪಿದರೆ ಸಾಕು.

ಮೈಸೂರು ಪಾಕ, ಕೊಬ್ಬರಿ ಮಿಠಾಯಿ, ಚಿಕ್ಕಿಗಳ ಕಥೆ ಬೇರೆ. ಅಲ್ಲಿ ಸಕ್ಕರೆಯೇ ತಿಂಡಿಗೆ ಆಕಾರ ಕೊಡುತ್ತದೆ. ನೀರಿನಲ್ಲಿ ಕರಗಿ ಕುದಿದ ಸಕ್ಕರೆ ತಣ್ಣಗಾಗುವಾಗ ಮತ್ತೆ ಹರಳುಗಟ್ಟಬೇಕು, ಇಲ್ಲವೇ ಗಟ್ಟಿಯಾಗಿ ಬಿಗಿಯಬೇಕು. ಅದನ್ನು ಮಾಡಲಾಗದ ಸಿಹಿಯನ್ನು ಅಲ್ಲಿಗೆ ತಂದರೆ ಎಷ್ಟು ಕುದಿಸಿದರೂ ಕೈಗೆ ಬರುವುದು ಹಲ್ವವೇ.

ಬೆಣ್ಣೆ ಕೇಕಿನಲ್ಲಿ ಇನ್ನೊಂದು ಕೆಲಸವಿದೆ. ಬೆಣ್ಣೆಯನ್ನೂ ಸಕ್ಕರೆಯನ್ನೂ ಸೇರಿಸಿ ಚೆನ್ನಾಗಿ ಕಡೆಯುವಾಗ ಹರಳುಗಳ ಮೊನೆಗಳು ಬೆಣ್ಣೆಯೊಳಗೆ ಗಾಳಿ ಹೊಗಿಸುತ್ತವೆ. ಕೇಕು ಹಗುರವಾಗುವುದು ಆ ಗಾಳಿಯಿಂದ. ಜೇನಿಗೆ, ಜೋನಿ ಬೆಲ್ಲಕ್ಕೆ ಮೊನೆ ಎಲ್ಲಿದೆ? ಹಾಗಾಗಿ ಬೆಣ್ಣೆ ಕಡೆದು ಮಾಡುವ ಕೇಕಿನಲ್ಲಿ ಅರ್ಧದಷ್ಟಾದರೂ ಸಕ್ಕರೆ ಇರಲಿ. ಎಣ್ಣೆ, ಮೊಸರು ಹಾಕಿ ಕಲಸುವ ಕೇಕಾದರೆ ಈ ತೊಂದರೆ ಕಡಿಮೆ. ಸಿಹಿ ಬದಲಿಸುವ ಪ್ರಯೋಗ ಶುರುಮಾಡುವವರಿಗೆ ನನ್ನ ಸಲಹೆ ಆ ಬಗೆಯ ಕೇಕೇ.

ಹಂತ 2: ಲೋಟ ಬಿಟ್ಟು ತಕ್ಕಡಿ ಹಿಡಿಯಿರಿ

240 ಮಿಲಿಲೀಟರ್‌ನ ಅಳತೆ ಕಪ್ಪಿನಲ್ಲಿ ಸಕ್ಕರೆ ಹಿಡಿಯುವುದು ಸುಮಾರು 200 ಗ್ರಾಂ. ಅದೇ ಕಪ್ಪಿನಲ್ಲಿ ಜೇನು ತುಂಬಿದರೆ 340 ಗ್ರಾಂ ತೂಗುತ್ತದೆ. ಬೆಲ್ಲದ ಪುಡಿಯ ಲೆಕ್ಕವಂತೂ ಕೈಯ ಮೇಲೆ ಹೋಗುತ್ತದೆ: ಸಡಿಲವಾಗಿ ತುಂಬಿದರೆ ಒಂದು ತೂಕ, ಒತ್ತಿ ತುಂಬಿದರೆ ಇನ್ನೊಂದು. ‘ಒಂದು ಪಾವಿಗೆ ಒಂದು ಪಾವು’ ಎಂದು ಅಜ್ಜಿಯರು ಅಳೆದದ್ದು ಅವರ ಕೈಗೆ, ಅವರೂರಿನ ಬೆಲ್ಲಕ್ಕೆ ಸರಿಹೊಂದುತ್ತಿತ್ತು. ನಿಮ್ಮ ಕೈಗೆ ಒಂದು ಚಿಕ್ಕ ಡಿಜಿಟಲ್ ತಕ್ಕಡಿ ಸಾಕು.

ತೂಕ ಗೊತ್ತಾದ ಮೇಲೆ ನೀರಿನ ಲೆಕ್ಕ. ಸಕ್ಕರೆಯಲ್ಲಿ ನೀರಿನಂಶ ಇಲ್ಲವೆಂದೇ ಹೇಳಬಹುದು. ಒಳ್ಳೆಯ ಅಚ್ಚು ಬೆಲ್ಲದಲ್ಲಿ ನೂರಕ್ಕೆ ಐದಾರು ಪಾಲು, ಮಳೆಗಾಲದಲ್ಲಿ ಬೆವರಿದ್ದರೆ ಇನ್ನೂ ಹೆಚ್ಚು. ಜೇನಿನಲ್ಲಿ 17ರಿಂದ 20 ಪಾಲು. ಜೋನಿ ಬೆಲ್ಲದಲ್ಲಿ ಕಾಲುಭಾಗದಿಂದ ಹಿಡಿದು ಮೂರನೇ ಒಂದು ಭಾಗದವರೆಗೂ ನೀರಿರುತ್ತದೆ. ಅದು ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸಿದವರ ಕೈ ಮೇಲೆ ನಿಂತಿದೆ. ಬೇಕಿಂಗ್‌ಗೆ ಬಾಟಲಿಯಲ್ಲಿ ಬರುವ ಮೊಲಾಸಿಸ್‌ನಲ್ಲಿ (ತಿನ್ನಲೆಂದೇ ಮಾಡಿದ ಕಾಕಂಬಿ) ಹೆಚ್ಚುಕಡಿಮೆ ಕಾಲುಭಾಗ.

ಇಷ್ಟರಿಂದ ನಾನು ಇಟ್ಟುಕೊಂಡಿರುವ ಲೆಕ್ಕ ಹೀಗಿದೆ. 100 ಗ್ರಾಂ ಸಕ್ಕರೆ ತೆಗೆದರೆ ಅದರ ಜಾಗಕ್ಕೆ:

- ಗಟ್ಟಿ ಬೆಲ್ಲವಾದರೆ 110 ಗ್ರಾಂ. ದ್ರವವನ್ನು ಬದಲಿಸಬೇಕಿಲ್ಲ.
- ಜೇನಾದರೆ 120 ಗ್ರಾಂ, ಪಾಕವಿಧಾನದ ಹಾಲು ಅಥವಾ ನೀರಿನಲ್ಲಿ 20 ಮಿಲಿ ಕಡಿತ.
- ಜೋನಿ ಬೆಲ್ಲವಾದರೆ 140 ಗ್ರಾಂ, ದ್ರವದಲ್ಲಿ 40 ಮಿಲಿ ಕಡಿತ.

ಜೇನನ್ನು 120ಕ್ಕೆ ಬದಲು 100 ಗ್ರಾಂ ಹಾಕಿದರೂ ನಡೆಯುತ್ತದೆ, ಸಿಹಿ ಅಷ್ಟು ಕಡಿಮೆ ಅನಿಸುವುದಿಲ್ಲ. ಜೇನಿನಲ್ಲಿ ಹಣ್ಣಿನ ಸಕ್ಕರೆ, ಅಂದರೆ ಫ್ರಕ್ಟೋಸ್, ಹೆಚ್ಚಿರುವುದೇ ಇದಕ್ಕೆ ಕಾರಣ. ಆದರೆ ಫ್ರಕ್ಟೋಸ್‌ನ ಸಿಹಿ ತಣ್ಣಗಿದ್ದಾಗ ಜೋರು, ಬಿಸಿಯಾದಾಗ ಮಂದ. ನಿಂಬೆ ಶರಬತ್ತಿಗೆ ಸಾಲುವ ಒಂದು ಚಮಚ ಜೇನು ಬಿಸಿ ಕಷಾಯಕ್ಕೆ ಸಾಲದೆ ಹೋಗುವುದು ಇದರಿಂದಲೇ.

ಹಂತ 3: ಬೆಲ್ಲವನ್ನು ಮೊದಲು ತಿಂದು ನೋಡಿ, ಆಮೇಲೆ ಕರಗಿಸಿ

ನಮ್ಮ ಮನೆಗಳಲ್ಲಿ ಹೆಚ್ಚು ನಡೆಯುವುದು ಸಕ್ಕರೆಯಿಂದ ಬೆಲ್ಲಕ್ಕೆ ಹೋಗುವ ಬದಲಾವಣೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಸಕ್ಕರೆ ಯಾವ ಅಂಗಡಿಯದಾದರೂ ಸಕ್ಕರೆಯೇ. ಬೆಲ್ಲ ಹಾಗಲ್ಲ. ಮಂಡ್ಯದ ಅಚ್ಚು, ಮಹಾಲಿಂಗಪುರದ ಬೆಲ್ಲ, ಮಲೆನಾಡಿನ ಜೋನಿ, ಕರಾವಳಿಯಲ್ಲಿ ಗರಿ ಸುತ್ತಿ ಮಾರುವ ತಾಳೆಯ ಓಲೆಬೆಲ್ಲ, ಒಂದೊಂದಕ್ಕೂ ಬೇರೆ ರುಚಿ. ಸವಳು ನೆಲದ ಕಬ್ಬಿನ ಬೆಲ್ಲ ಉಪ್ಪುಪ್ಪಾಗಿರುತ್ತದೆ. ಸಾರಿಗೆ ಅದು ಪರವಾಗಿಲ್ಲ, ಪಾಯಸಕ್ಕೆ ಹಾಕಿದರೆ ಬಾಯಿಗೆ ಸಿಕ್ಕೇ ಸಿಗುತ್ತದೆ. ಹಾಗಾಗಿ ಕೊಳ್ಳುವಾಗಲೇ ಒಂದು ಚೂರು ಬಾಯಿಗೆ ಹಾಕಿಕೊಳ್ಳಿ, ಅಂಗಡಿಯವರು ಬೇಡವೆನ್ನುವುದಿಲ್ಲ. ಬೆಳ್ಳಗೆ, ಹಳದಿಯಾಗಿ ಹೊಳೆಯುವ ಬೆಲ್ಲವನ್ನು ಕಂಡು ಮರುಳಾಗಬೇಡಿ. ಕಬ್ಬಿನಹಾಲಿನ ಕೊಳೆ ತೆಗೆಯಲು ಬೆಂಡೆಗಿಡದ ಲೋಳೆ ಹಾಕುವುದು ಹಳೆಯ ಪದ್ಧತಿ. ಬಣ್ಣ ಬೆಳಗಲು ‘ಹೈಡ್ರೋಸ್’ ಎಂಬ ಗಂಧಕದ ರಾಸಾಯನಿಕ ಸುರಿಯುವುದು ಆಮೇಲೆ ಬಂದ ಚಾಳಿ. ಕಂದು ಬೆಲ್ಲದಲ್ಲಿ ಪರಿಮಳವೂ ಹೆಚ್ಚು.

ಇನ್ನು ಕರಗಿಸುವ ಕ್ರಮ. 250 ಗ್ರಾಂ ಬೆಲ್ಲಕ್ಕೆ ಅರ್ಧ ಲೋಟದಷ್ಟು, ಅಂದರೆ 80–100 ಮಿಲಿ ನೀರು ಸಾಕು. ಸಣ್ಣ ಉರಿಯಲ್ಲಿ ಕರಗಿಸಿ, ತೆಳು ಬಟ್ಟೆಯಲ್ಲೋ ಚಹಾ ಸೋಸುವ ಜಾಲರಿಯಲ್ಲೋ ಸೋಸಿ. ಎಷ್ಟೇ ಚೊಕ್ಕವಾಗಿ ಕಂಡರೂ ತಳದಲ್ಲಿ ಮರಳು, ಕಬ್ಬಿನ ಸಿಪ್ಪೆ ಉಳಿಯುವುದು ಇದ್ದದ್ದೇ. ಸೋಸಿದ ಈ ನೀರುಬೆಲ್ಲವನ್ನು ಬಾಟಲಿಯಲ್ಲಿ ತುಂಬಿ ಫ್ರಿಜ್‌ನಲ್ಲಿ ಇಟ್ಟುಕೊಂಡರೆ ಒಂದು ವಾರ ಅಡುಗೆ ಸಲೀಸು.

ಈಗ ಎರಡು ಸೂಕ್ಷ್ಮಗಳು. ಮೊದಲನೆಯದು ಹಾಲು. ಬೆಲ್ಲದಲ್ಲಿ ಸಣ್ಣ ಪ್ರಮಾಣದ ಹುಳಿಯೂ ಲವಣಗಳೂ ಇರುತ್ತವೆ. ತಣ್ಣನೆಯ ಹಾಲು ಅಷ್ಟನ್ನು ತಡೆದುಕೊಳ್ಳುತ್ತದೆ, ಕುದಿಯುವ ಹಾಲಿಗೆ ಆಗುವುದಿಲ್ಲ. ಶಾವಿಗೆ ಪಾಯಸವನ್ನು ಬೆಲ್ಲದಲ್ಲಿ ಮಾಡಬೇಕೆಂದರೆ ಶಾವಿಗೆಯನ್ನು ಹಾಲಿನಲ್ಲಿ ಪೂರ್ತಿ ಬೇಯಿಸಿ, ಒಲೆ ಆರಿಸಿ, ಬೆರಳು ಅದ್ದುವಷ್ಟು ಆರಲು ಬಿಡಿ. ಬೆಲ್ಲದ ಪಾಕವೂ ಆರಿರಲಿ. ಎರಡೂ ಉಗುರುಬೆಚ್ಚಗಿರುವಾಗ ಸ್ವಲ್ಪ ಸ್ವಲ್ಪವೇ ಸುರಿದು ಕದಡಿ. ಮತ್ತೆ ಒಲೆಗೆ ಇಡಬೇಡಿ. ಬಡಿಸುವ ಹೊತ್ತಿಗೆ ಬಿಸಿ ಬೇಕೆನಿಸಿದರೆ ಪಾತ್ರೆಯನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿಕೊಳ್ಳಿ. ಬೆಲ್ಲದ ಚಹಾಕ್ಕೂ ಇದೇ ನಿಯಮ: ಒಲೆಯಿಂದ ಇಳಿಸಿ ಸೋಸಿದ ಮೇಲೆ ಬೆಲ್ಲ. ಈ ತಾಪತ್ರಯವೇ ಬೇಡವೆಂದರೆ ಹಸುವಿನ ಹಾಲು ಬಿಟ್ಟು ತೆಂಗಿನ ಹಾಲಿಗೆ ಬನ್ನಿ. ಬೆಲ್ಲದಲ್ಲಿ ಬೇಯಿಸಿ, ಕೊನೆಗೆ ಗಟ್ಟಿ ಕಾಯಿಹಾಲು ಹೊಯ್ದು ಇಳಿಸಿದರೆ ಒಡೆಯುವ ಭಯವಿಲ್ಲ. ಕರಾವಳಿಯ ಹೆಸರುಬೇಳೆ ಪಾಯಸ, ಕಡಲೆಬೇಳೆ ಪಾಯಸಗಳೆಲ್ಲ ಹೀಗೆ ಮಾಡಿದಂಥವೇ.

ಎರಡನೆಯದು ಬೇಯುವ ಹೊತ್ತು. ಅಕ್ಕಿ, ಬೇಳೆ, ರವೆ ಯಾವುದಾದರೂ ಪೂರ್ತಿ ಮೆತ್ತಗಾದ ಮೇಲೇ ಸಿಹಿ ಸೇರಬೇಕು. ಸಿಹಿ ಬಿದ್ದ ಮೇಲೆ ಕಾಳು ಮುಂದಕ್ಕೆ ಬೇಯುವುದು ತೀರಾ ನಿಧಾನ. ಬೆಲ್ಲದ ಹುಳಿ ಮತ್ತು ಸುಣ್ಣದಂಶ ಅದನ್ನು ಇನ್ನಷ್ಟು ಬಿಗಿ ಮಾಡುತ್ತವೆ. ಹುಗ್ಗಿಯಲ್ಲಿ ಅಕ್ಕಿ ಅರೆಬೆಂದಿರುವಾಗ ಬೆಲ್ಲ ಹಾಕಿದವರು ಆಮೇಲೆ ಎಷ್ಟು ಸೀಟಿ ಹೊಡೆಸಿದರೂ ಪ್ರಯೋಜನವಿಲ್ಲ. ಕೇಸರಿಬಾತನ್ನು ಬೆಲ್ಲದಲ್ಲಿ ಮಾಡುವಾಗಲೂ ರವೆ ನೀರೆಲ್ಲ ಹೀರಿ ಅರಳಿದ ಮೇಲೆಯೇ ಪಾಕ ಹಾಕಿ. ಆ ಪಾಕದಲ್ಲೂ ನೀರಿರುವುದರಿಂದ ರವೆ ಬೇಯಿಸುವ ನೀರನ್ನು ಅಷ್ಟು ಕಡಿಮೆ ಮಾಡಿಕೊಳ್ಳಿ.

ಹಂತ 4: ಪಾಕದ ತಿಂಡಿಗಳಲ್ಲಿ ಯಾವುದಕ್ಕೆ ಕೈಹಾಕಬಹುದು

ಬೆಲ್ಲದಲ್ಲಿ ಸಕ್ಕರೆಯ ಜೊತೆಗೆ ಒಡೆದ ಸಕ್ಕರೆಯೂ (ಗ್ಲೂಕೋಸ್, ಫ್ರಕ್ಟೋಸ್) ಒಂದಿಷ್ಟು ಇರುತ್ತದೆ. ಅದು ಹರಳುಗಟ್ಟುವುದಕ್ಕೆ ಅಡ್ಡ ಬರುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಬೆಲ್ಲದ ಮೈಸೂರು ಪಾಕ ಸಕ್ಕರೆಯದ್ದರಂತೆ ಪುಡಿಪುಡಿಯಾಗಿ, ಗೂಡುಗೂಡಾಗಿ ಬರದೆ ಮೆತ್ತಗೆ ಉಳಿಯುವುದು ಅದಕ್ಕೇ. ತಿನ್ನಲು ಅದೂ ಚೆನ್ನ. ಹೊಟ್ಟೆಯೊಳಗೆ ಗೂಡಿರುವ ಮೈಸೂರು ಪಾಕವೇ ಬೇಕೆನ್ನುವವರು ಮಾತ್ರ ಸಕ್ಕರೆಯನ್ನು ಬಿಡಬಾರದು.

ಶೇಂಗಾ ಚಿಕ್ಕಿ, ಎಳ್ಳುಂಡೆ, ಪುರಿ ಉಂಡೆಗಳಿಗೆ ಬೆಲ್ಲವೇ ಒಳ್ಳೆಯದು, ಆದರೆ ಎಲ್ಲ ಬೆಲ್ಲವೂ ಆಗುವುದಿಲ್ಲ. ಹಳತಾಗಿ ಮೆತ್ತಗಾದ ಬೆಲ್ಲದಲ್ಲಿ ಒಡೆದ ಸಕ್ಕರೆ ಹೆಚ್ಚಿರುವುದರಿಂದ ಪಾಕ ಬಿಗಿಯುವುದಿಲ್ಲ. ‘ಪಾಕಕ್ಕೆ ಬರುವ ಬೆಲ್ಲ ಕೊಡಿ’ ಎಂದೇ ಕೇಳಿ ತನ್ನಿ. ಗಟ್ಟಿಯಾಗಿರಬೇಕು, ಒಡೆದರೆ ಒಳಗೆ ಹರಳು ಕಾಣಬೇಕು. ಪಾಕದ ಹದ ನೋಡಲು ತಣ್ಣೀರಿನ ಬಟ್ಟಲು ಪಕ್ಕದಲ್ಲಿರಲಿ. ಒಂದು ಹನಿ ಬಿಟ್ಟಾಗ ಉಂಡೆ ಕಟ್ಟಿ, ಒತ್ತಿದರೆ ಮಣಿದರೆ ಅದು ಉಂಡೆ ಪಾಕ, ತಂಬಿಟ್ಟಿಗೆ ಸಾಕು. ಚಿಕ್ಕಿಗೆ ಅಷ್ಟು ಸಾಲದು. ಹನಿ ನೀರಿನಲ್ಲಿ ಗಟ್ಟಿಯಾಗಿ, ಮುರಿದರೆ ಟಕ್ ಎನ್ನಬೇಕು.

ಜೇನನ್ನು ಪಾಕದ ತಿಂಡಿಗೆ ತರಲೇಬೇಡಿ. ಅದು ಹದಕ್ಕೆ ಬರುವಷ್ಟರಲ್ಲಿ ಸೀದು ಕಹಿಯಾಗುತ್ತದೆ. ಒಂದು ವೇಳೆ ಗಟ್ಟಿಯಾದರೂ ಡಬ್ಬದಲ್ಲಿ ಇಟ್ಟ ಮಾರನೇ ದಿನಕ್ಕೇ ಬೆವರುತ್ತದೆ.

ಹೋಳಿಗೆಯ ಹೂರಣ ಸ್ವಲ್ಪ ಉದಾರಿ. ಬೇಳೆಯಷ್ಟೇ ತೂಕದ ಬೆಲ್ಲ ರೂಢಿ. ಬೆಲ್ಲದ ಬದಲು ಸಕ್ಕರೆ ಹಾಕುವುದಾದರೆ ಮುಕ್ಕಾಲು ಭಾಗ ಸಾಕು, ಆದರೆ ಕರಗಿದ ಕೂಡಲೇ ಹೂರಣ ನೀರಾಗುತ್ತದೆ. ಗಾಬರಿಯಾಗದೆ ಮತ್ತೆ ಬಾಣಲೆಯಲ್ಲಿ ತಳ ಬಿಡುವವರೆಗೆ ಕೈಯಾಡಿಸಿ. ಖರ್ಜೂರವನ್ನು ಬಿಸಿನೀರಿನಲ್ಲಿ ನೆನೆಸಿ ನುಣ್ಣಗೆ ರುಬ್ಬಿ ತುಪ್ಪದಲ್ಲಿ ಬಾಡಿಸಿದರೆ ಅದೂ ಒಳ್ಳೆಯ ಹೂರಣವೇ. ಜೇನಿನ ಹೂರಣ ಮಾತ್ರ ಎಂದೂ ಉಂಡೆ ಕಟ್ಟಲು ಬರುವುದಿಲ್ಲ.

ಹಂತ 5: ಜೇನಿಗೆ ಅದರದೇ ಜಾಗ ಕೊಡಿ

ಜೇನಿನ ಬೆಲೆ ಅದರ ಪರಿಮಳಕ್ಕೆ. ಕಾಯಿಸಿದಷ್ಟೂ ಪರಿಮಳ ಹೋಗುತ್ತದೆ, ಕಿಣ್ವಗಳೂ ಕೆಡುತ್ತವೆ. ಜೇನನ್ನು ಕಾಯಿಸಬಾರದೆಂದು ಆಯುರ್ವೇದ ಹೇಳುವುದನ್ನು ಪಾಲಿಸುವ ಮನೆಗಳು ಬಹಳ. ಆ ಮನೆಯವರು ಜೇನು ಹಾಕಿ ಕೇಕ್ ಮಾಡುವ ವಿಚಾರವನ್ನೇ ಕೈಬಿಡುವುದು ಒಳಿತು. ನನ್ನ ಲೆಕ್ಕವೂ ಅಲ್ಲಿಗೇ ಬರುತ್ತದೆ, ಬೇರೆ ಕಾರಣಕ್ಕೆ: ಕೊಡಗಿನ ಕಾಡು ಜೇನನ್ನು ದುಬಾರಿ ಬೆಲೆಗೆ ತಂದು ಓವನ್ನಿಗೆ ಹಾಕುವುದು ದಂಡ. ಬೇಯಿಸುವುದಕ್ಕೆ ಸಾಧಾರಣ ಜೇನು ಸಾಕು. ಒಳ್ಳೆಯದನ್ನು ದೋಸೆಯ ಮೇಲೆ, ಮೊಸರಿನ ಮೇಲೆ, ರಸಾಯನದಲ್ಲಿ ಹಸಿಯಾಗಿ ಬಳಸಿ.

ಯಾವ ಹುಳುವಿನ ಜೇನು ಎಂಬುದೂ ಮುಖ್ಯ. ಪೆಟ್ಟಿಗೆಯ ತುಡುವೆ ಜೇನಿಗಿಂತ ಹೆಜ್ಜೇನಿನ ತುಪ್ಪ ಸಾಮಾನ್ಯವಾಗಿ ತೆಳು, ನೀರಿನಂಶ ಜಾಸ್ತಿ. ಅದನ್ನು ಕೇಕಿಗೆ ಹಾಕಿದರೆ ದ್ರವವನ್ನು ಇನ್ನೊಂದು ಚಮಚ ಕಡಿಮೆ ಮಾಡಿ. ಕರಾವಳಿಯವರು ಮುಜಂಟಿ ಎಂದೂ ಉತ್ತರ ಕನ್ನಡದವರು ಮಿಸ್ರಿ ಎಂದೂ ಕರೆಯುವ ಮುಳ್ಳಿಲ್ಲದ ಜೇನಿನದು ಹುಳಿ ರುಚಿ. ಅದು ಮನೆಮದ್ದಿನ ಡಬ್ಬದಲ್ಲೇ ಇರಲಿ.

ಒಂದು ವರ್ಷ ತುಂಬದ ಮಕ್ಕಳಿಗೆ ಜೇನು ಕೊಡಬೇಡಿ, ಹಸಿಯಾದದ್ದೂ ಬೇಡ, ಬೇಯಿಸಿದ ತಿಂಡಿಯಲ್ಲಿರುವುದೂ ಬೇಡ. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಗಳು ಕೂಸಿನ ಕರುಳಿನಲ್ಲಿ ಬೆಳೆದು ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರಬಲ್ಲವು. ಮನೆಯ ಒಲೆಯ ಬಿಸಿಗೆ ಆ ಬೀಜಕಗಳು ಸಾಯುವುದಿಲ್ಲ. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವ ಪದ್ಧತಿ ಇರುವ ಮನೆಗಳಲ್ಲಿ ಹಿರಿಯರಿಗೆ ಇದನ್ನು ಮೊದಲೇ ಮೆಲ್ಲಗೆ ಹೇಳಿಡಿ.

ಹಂತ 6: ಓವನ್ ಹಚ್ಚುವ ಮುನ್ನ ಒಂದು ಲೆಕ್ಕ

ಮೊಟ್ಟೆಯಿಲ್ಲದ ಮೊಸರು ಕೇಕನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಒಂದೂವರೆ ಕಪ್ ಮೈದಾ, ಒಂದು ಕಪ್ ಮೊಸರು, ಅರ್ಧ ಕಪ್ ಎಣ್ಣೆ, 150 ಗ್ರಾಂ ಸಕ್ಕರೆ, ಅರ್ಧ ಟೀಚಮಚ ಅಡುಗೆ ಸೋಡಾ, ಒಂದೂಕಾಲು ಟೀಚಮಚ ಬೇಕಿಂಗ್ ಪೌಡರ್.

ಮೊದಲ ಸಲ ಅರ್ಧವನ್ನಷ್ಟೇ ಬದಲಿಸಿ. 75 ಗ್ರಾಂ ಸಕ್ಕರೆ ಹಾಗೇ ಇರಲಿ, ಉಳಿದ 75ರ ಜಾಗಕ್ಕೆ 90 ಗ್ರಾಂ ಜೇನು. ಆ ಜೇನಿನ ಜೊತೆ ಬರುವ ನೀರು ಸುಮಾರು 15 ಮಿಲಿ, ಹಾಗಾಗಿ ಮೊಸರಿನಲ್ಲಿ ಒಂದು ದೊಡ್ಡ ಚಮಚ ತೆಗೆಯಿರಿ. ಓವನ್ 180 ಡಿಗ್ರಿ ಎಂದಿದ್ದರೆ 165ಕ್ಕೆ ಇಳಿಸಿ, ಐದು ಹತ್ತು ನಿಮಿಷ ಹೆಚ್ಚು ಬೇಯಿಸಿ. ಜೇನು ಸಕ್ಕರೆಗಿಂತ ಬೇಗ ಕೆಂಪಾಗುತ್ತದೆ. ಉರಿ ಇಳಿಸದಿದ್ದರೆ ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಮೇಲ್ಭಾಗ ಕೆಂಪೇರಿದ ಮೇಲೂ ಕಡ್ಡಿ ಚುಚ್ಚಿದರೆ ಹಿಟ್ಟು ಅಂಟುತ್ತಿದ್ದರೆ ಫಾಯಿಲ್ ಕಾಗದ ಮುಚ್ಚಿ ಮುಂದುವರಿಸಿ.

ಜೋನಿ ಬೆಲ್ಲವಾದರೆ ಅದೇ 75ಕ್ಕೆ 105 ಗ್ರಾಂ, ಮೊಸರಿನಲ್ಲಿ 30 ಮಿಲಿ ಕಡಿತ. ಬೆಲ್ಲದ ಪುಡಿಯಾದರೆ ಪೂರ್ತಿ 150ರ ಜಾಗಕ್ಕೂ 165 ಗ್ರಾಂ ಹಾಕಬಹುದು. ಗಂಟು ಉಳಿಯದಂತೆ ಮೊಸರಿನಲ್ಲೇ ಕರಗಿಸಿ ಸೋಸಿಕೊಳ್ಳಿ. ಬಣ್ಣ ಕಂದಾಗುತ್ತದೆ, ತೇವ ಎರಡು ದಿನ ಹೆಚ್ಚು ಉಳಿಯುತ್ತದೆ. ಏಲಕ್ಕಿ ಇಲ್ಲಿ ವೆನಿಲ್ಲಾಗಿಂತ ಚೆನ್ನಾಗಿ ಕೂಡುತ್ತದೆ.

ಸೋಡಾದ ಮಾತು. ಜೇನು, ಬೆಲ್ಲ, ಮೊಲಾಸಿಸ್ ಎಲ್ಲಕ್ಕೂ ತುಸು ಹುಳಿ ಇದೆ, ಸಕ್ಕರೆಗೆ ಇಲ್ಲ. ಮೊಸರಾಗಲಿ ಸೋಡಾ ಆಗಲಿ ಇಲ್ಲದ ಕೇಕಿನಲ್ಲಿ ಒಂದು ಕಪ್ ಜೇನು ಹಾಕಿದರೆ ಕಾಲು ಟೀಚಮಚ ಸೋಡಾ ಸೇರಿಸಿ. ಮೇಲಿನ ಮೊಸರು ಕೇಕಿನಲ್ಲಿ ಸೋಡಾ ಈಗಾಗಲೇ ಇರುವುದರಿಂದ ಬೇಕಿಲ್ಲ. ತಿರುಗಿಸಿ ಹಾಕುವಾಗಲೇ ಜನ ಎಡವುವುದು: ಮೊಲಾಸಿಸ್ ಮತ್ತು ಸೋಡಾ ಇರುವ ಪಾಕವಿಧಾನದಲ್ಲಿ ಮೊಲಾಸಿಸ್ ತೆಗೆದು ಸಕ್ಕರೆ ಹಾಕಿದರೆ ಸೋಡಾಕ್ಕೆ ಜೊತೆಗಾರ ಹುಳಿ ಇಲ್ಲದಂತಾಗಿ ಕೇಕು ಸಾಬೂನಿನ ರುಚಿ ಹೊಡೆಯುತ್ತದೆ. ಆಗ ಅರ್ಧ ಟೀಚಮಚ ಸೋಡಾ ಬಿಟ್ಟು ಒಂದೂವರೆಯಿಂದ ಎರಡು ಟೀಚಮಚ ಬೇಕಿಂಗ್ ಪೌಡರ್ ಹಾಕಿ. ಅಥವಾ ಪಾಕವಿಧಾನದ ಹಾಲನ್ನು ಹುಳಿ ಮಜ್ಜಿಗೆಗೆ ಬದಲಿಸಿ.

ಬಿಸ್ಕತ್ತು, ನಾನ್‌ಖಟಾಯಿಗಳಲ್ಲಿ ಸಕ್ಕರೆಯ ಕಾಲುಭಾಗಕ್ಕಿಂತ ಹೆಚ್ಚು ದ್ರವರೂಪದ ಸಿಹಿಗೆ ಬದಲಿಸಬೇಡಿ, ಗರಿಗರಿ ಉಳಿಯುವುದಿಲ್ಲ. ಬ್ರೆಡ್ಡು, ಪಾವುಗಳಲ್ಲಿ ಯೀಸ್ಟಿಗೆ ಹಾಕುವ ಒಂದೆರಡು ಚಮಚ ಸಿಹಿ ಯಾವುದಾದರೂ ಆದೀತು.

ಹಂತ 7: ಪಾಕವಿಧಾನದಲ್ಲಿ ಮೊಲಾಸಿಸ್ ಎಂದಿದ್ದರೆ

ಮೊಲಾಸಿಸ್ ಅಂದರೆ ನಮ್ಮ ಕಾಕಂಬಿ. ಕಬ್ಬಿನ ರಸದಿಂದ ಸಕ್ಕರೆ ಹರಳು ತೆಗೆದ ಮೇಲೆ ಉಳಿಯುವ ಕಪ್ಪು ಮಂದ ದ್ರವ. ‘ನಮ್ಮೂರ ಪಕ್ಕದಲ್ಲೇ ಸಕ್ಕರೆ ಕಾರ್ಖಾನೆ ಇದೆಯಲ್ಲ, ಅಲ್ಲಿಂದ ಒಂದು ಬಾಟಲಿ ತಂದರಾಯಿತು’ ಎಂಬ ಯೋಚನೆ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯವರಿಗೆ ಬರುವುದು ಸಹಜ. ತರಬೇಡಿ. ಕಾರ್ಖಾನೆಯ ಕಾಕಂಬಿ ತಿನ್ನುವುದಕ್ಕೆಂದು ತಯಾರಾದದ್ದಲ್ಲ. ನಮ್ಮಲ್ಲಿ ಬಿಳಿ ಸಕ್ಕರೆಗಾಗಿ ರಸಕ್ಕೆ ಗಂಧಕದ ಹೊಗೆ ಹಾಯಿಸುತ್ತಾರೆ. ರಸದಲ್ಲಿ ಬೇಡವಾದದ್ದೆಲ್ಲ ಕೊನೆಗೆ ಉಳಿಯುವುದು ಈ ದ್ರವದಲ್ಲೇ. ಅದು ಹೋಗುವುದು ಮದ್ಯಸಾರ, ಎಥೆನಾಲ್ ತಯಾರಿಕೆಗೆ. ಹಾಗಾಗಿಯೇ ಅದರ ಸಾಗಣೆಯ ಮೇಲೆ ಅಬಕಾರಿ ಇಲಾಖೆಯ ಕಣ್ಣಿರುತ್ತದೆ.

ಅಮೆರಿಕ, ಇಂಗ್ಲೆಂಡುಗಳ ಪಾಕವಿಧಾನ ಹೇಳುವುದು ತಿನ್ನಲೆಂದೇ ಮಾಡಿದ ಮೊಲಾಸಿಸ್. ಅದರಲ್ಲೂ ತರಗಳಿವೆ. ಮೊದಲ ಸಲ ಹರಳು ತೆಗೆದದ್ದು ತಿಳಿ ಬಣ್ಣದ್ದು, ಸಿಹಿ ಹೆಚ್ಚು. ಮೂರನೇ ಸಲದ್ದು ‘ಬ್ಲ್ಯಾಕ್‌ಸ್ಟ್ರಾಪ್’, ಕಪ್ಪು, ಕಹಿ, ಉಪ್ಪುಪ್ಪು. ಪೌಷ್ಟಿಕವೆಂದು ಇದನ್ನೇ ಕೊಂಡು ಕೇಕಿಗೆ ಪೂರ್ತಿ ಹಾಕಿದರೆ ಬಾಯಿಗಿಡಲಾಗದು.

ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಆಮದಾದ ಬಾಟಲಿ ಸಿಗಬಹುದು. ಆದರೆ ಜಿಂಜರ್‌ಬ್ರೆಡ್ಡಿಗೆ, ಕ್ರಿಸ್‌ಮಸ್ ಹಣ್ಣಿನ ಕೇಕಿಗೆ ಅಷ್ಟು ಖರ್ಚಿನ ಅಗತ್ಯ ನನಗಂತೂ ಕಾಣುವುದಿಲ್ಲ. ಗಾಢ ಬಣ್ಣದ ಜೋನಿ ಬೆಲ್ಲವನ್ನು ಅಳತೆಗೆ ಅಳತೆ ಹಾಕಿ. ಜೋನಿ ಸಿಗದ ಊರಾದರೆ ಹೀಗೆ ಮಾಡಿ: 220 ಗ್ರಾಂ ಕಪ್ಪು ಬೆಲ್ಲಕ್ಕೆ 80 ಮಿಲಿ ನೀರು ಹಾಕಿ ಕರಗಿಸಿ, ಸೋಸಿ, ಎರಡು ನಿಮಿಷ ಕುದಿಸಿ. ಬೇರೊಂದು ಸಣ್ಣ ಬಾಣಲೆಯಲ್ಲಿ ಎರಡು ದೊಡ್ಡ ಚಮಚ ಸಕ್ಕರೆಯನ್ನು ನೀರಿಲ್ಲದೆ ಕರಗಿಸಿ, ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದು ಹೊಗೆಯಾಡುತ್ತಿದ್ದಂತೆ ಎರಡು ಚಮಚ ಬಿಸಿನೀರು ಹಾಕಿ. ಸಿಡಿಯುತ್ತದೆ, ಮುಖ ದೂರವಿರಲಿ, ಸೌಟು ಉದ್ದದ್ದಿರಲಿ. ಈ ಸುಟ್ಟ ಸಕ್ಕರೆಯನ್ನು ಬೆಲ್ಲದ ಪಾಕಕ್ಕೆ ಬೆರೆಸಿದರೆ ಬರುವುದು ಹೆಚ್ಚುಕಡಿಮೆ ಒಂದು ಕಪ್. ಮೊಲಾಸಿಸ್‌ನ ಕಪ್ಪು ಬಣ್ಣವೂ ಹಿನ್ನೆಲೆಯ ಸಣ್ಣ ಕಹಿಯೂ ಇದರಲ್ಲಿ ಬಂದುಬಿಡುತ್ತದೆ.

‘ಬ್ರೌನ್ ಶುಗರ್’ ಎಂದು ಬರೆದಿದ್ದರೆ ತಲೆಕೆಡಿಸಿಕೊಳ್ಳುವುದೇ ಬೇಡ. ಅದು ಬಿಳಿ ಸಕ್ಕರೆಗೆ ಮೊಲಾಸಿಸ್ ಲೇಪಿಸಿದ್ದು, ಅಷ್ಟೇ. ಒಂದು ಕಪ್ ಸಕ್ಕರೆಗೆ ಒಂದು ದೊಡ್ಡ ಚಮಚ ಜೋನಿ ಬೆಲ್ಲ ಹಾಕಿ ಬೆರಳಲ್ಲಿ ಉಜ್ಜಿದರೆ ತಿಳಿ ಬ್ರೌನ್ ಶುಗರ್, ಎರಡು ಹಾಕಿದರೆ ಗಾಢ.

ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆ ಮೊಲಾಸಿಸ್ ಹಾಕಿ ಗಂಟೆಗಟ್ಟಲೆ ಬೇಯಿಸುವ ಬೀನ್ಸ್ ಖಾದ್ಯವಿದೆ. ಅದರಲ್ಲಿ ಕಾಳು ಅಷ್ಟು ಹೊತ್ತು ಬೆಂದರೂ ಕದಡದೆ ಇಡಿಯಾಗಿ ನಿಲ್ಲುವುದಕ್ಕೆ, ನಮ್ಮ ಹುಗ್ಗಿಯ ಅಕ್ಕಿ ಬೇಯದೆ ಉಳಿಯುವುದಕ್ಕೆ ಕಾರಣ ಒಂದೇ. ಅವರು ಆ ಗುಣವನ್ನು ಬೇಕೆಂದೇ ಬಳಸಿಕೊಂಡಿದ್ದಾರೆ. ರಾಜ್ಮಾ ಬೇಯಿಸಿ ಇದನ್ನು ಮಾಡಿ ನೋಡುವವರು ಮೊಲಾಸಿಸ್ ಬದಲು ಕಪ್ಪು ಬೆಲ್ಲವನ್ನೇ ಹಾಕಬಹುದು.

ಊರು ಬಿಟ್ಟು ದೂರವಿರುವವರಿಗೆ

ಹೊರದೇಶದ ಕನ್ನಡಿಗರ ತಾಪತ್ರಯ ಇದಕ್ಕೆ ತಲೆಕೆಳಗು. ಅಲ್ಲಿ ಮೊಲಾಸಿಸ್ ಬೇಕಾದಷ್ಟು, ಜೋನಿ ಬೆಲ್ಲ ಇಲ್ಲ. ನೀರುದೋಸೆಗೆ ಹಚ್ಚಿಕೊಳ್ಳಲು ತಿಳಿ ಮೊಲಾಸಿಸ್ ಒಂದು ಪಾಲು, ಬ್ರಿಟನ್ನಿನಲ್ಲಿ ಸಿಗುವ ಗೋಲ್ಡನ್ ಸಿರಪ್ ಎರಡು ಪಾಲು ಬೆರೆಸಿದರೆ ತಕ್ಕಮಟ್ಟಿಗೆ ಹತ್ತಿರ ಬರುತ್ತದೆ. ತೊಡೆದೇವು ಮಾಡುವವರು ಇದನ್ನು ನಂಬಬೇಡಿ. ಗಡಿಗೆಯ ಮೇಲೆ ಹಿಟ್ಟು ತೆಳುವಾಗಿ ಹರಡಿ ಗರಿಯಾಗಲು ನಿಜವಾದ ಬೆಲ್ಲವೇ ಬೇಕು.

ಗಟ್ಟಿ ಬೆಲ್ಲ ಬೇಕಿದ್ದರೆ ಭಾರತೀಯ ಅಂಗಡಿ ಇಲ್ಲದ ಊರಿನಲ್ಲೂ ದಾರಿಯಿದೆ. ಲ್ಯಾಟಿನ್ ಅಮೆರಿಕದವರ ಅಂಗಡಿಗಳಲ್ಲಿ ‘ಪನೇಲಾ’ ಅಥವಾ ‘ಪಿಲೊನ್ಸಿಯೊ’ ಹೆಸರಿನ ಅಚ್ಚುಗಳನ್ನು ನೋಡಿ. ಅದೂ ಕಬ್ಬಿನ ರಸವನ್ನು ಹಾಗೇ ಬತ್ತಿಸಿ ಅಚ್ಚಿಗೆ ಹೊಯ್ದದ್ದು, ಅಂದರೆ ಬೆಲ್ಲವೇ. ತೂಕಕ್ಕೆ ತೂಕ ಹಾಕಿ. ಪಿಲೊನ್ಸಿಯೊ ಕಲ್ಲಿನಷ್ಟು ಗಟ್ಟಿ. ಚಾಕು ಮುರಿಯುವ ಮುನ್ನ ಬಿಸಿನೀರಿಗೆ ಹಾಕಿ ಕರಗಿಸಿಕೊಳ್ಳಿ.

ಉಳಿದವುಗಳ ಬಗ್ಗೆ ಎರಡು ಮಾತು

ಸ್ಟೀವಿಯಾದ ಸಾರ ಸಕ್ಕರೆಗಿಂತ 200–300 ಪಟ್ಟು ಸಿಹಿ. ಚಿಟಿಕೆಯಲ್ಲಿ ಸಿಹಿ ಬಂತು ಸರಿ, ಆದರೆ ತೆಗೆದ 200 ಗ್ರಾಂ ಸಕ್ಕರೆಯ ಗಾತ್ರ, ತೇವ, ಕೆಂಪು ಬಣ್ಣಗಳನ್ನು ತುಂಬುವವರು ಯಾರು? ಚಹಾಕ್ಕೆ, ಮಜ್ಜಿಗೆ ಪಾನೀಯಕ್ಕೆ ಇಟ್ಟುಕೊಳ್ಳಿ. ಆಸ್ಪರ್ಟೇಮ್ ಇರುವ ಮಾತ್ರೆ, ಪುಡಿಗಳು ಬಿಸಿಗೆ ಒಡೆದು ಸಿಹಿ ಕಳೆದುಕೊಳ್ಳುತ್ತವೆ. ಕೇಕಿಗಾಗಲಿ, ಕುದಿಯುವ ಪಾಯಸಕ್ಕಾಗಲಿ ಹಾಕಬೇಡಿ.

ಸಕ್ಕರೆ ಕಾಯಿಲೆ ಇರುವವರು ‘ಬೆಲ್ಲವಾದರೆ ಪರವಾಗಿಲ್ಲ’ ಎಂದುಕೊಂಡು ಎರಡು ಹೋಳಿಗೆ ಜಾಸ್ತಿ ತಿನ್ನುವುದನ್ನು ಎಲ್ಲ ಮದುವೆಮನೆಯಲ್ಲೂ ಕಾಣುತ್ತೇವೆ. ಬೆಲ್ಲದ ಬಹುಪಾಲು ಸಕ್ಕರೆಯೇ, ರಕ್ತದಲ್ಲಿ ಅದರ ಪರಿಣಾಮವೂ ಸಕ್ಕರೆಯದೇ. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 390 ಕ್ಯಾಲೊರಿ ಇದ್ದರೆ ಬೆಲ್ಲದಲ್ಲಿ 380ರ ಹತ್ತಿರ. ಜೇನಿನಲ್ಲಿ 300 ಎಂದು ಕಡಿಮೆ ಕಾಣುವುದು ಅದರಲ್ಲಿರುವ ನೀರಿನಿಂದ. ಬೆಲ್ಲದ ಲವಣಾಂಶ, ಕಬ್ಬಿಣದಂಶ ನಿಜ. ದಿನಕ್ಕೆ ತಿನ್ನುವ ಒಂದೆರಡು ಚಮಚದಲ್ಲಿ ಬರುವುದು ಅಲ್ಪ. ಬೆಲ್ಲವನ್ನು ರುಚಿಗಾಗಿ ಆರಿಸಿ.

ಕೊನೆಗೆ ಇಡುವ ವಿಚಾರ. ಅಚ್ಚು ಬೆಲ್ಲ ಗಾಳಿಯಾಡದ ಡಬ್ಬದಲ್ಲಿ ಒಣ ಜಾಗದಲ್ಲಿರಲಿ, ಮಳೆಗಾಲದಲ್ಲಿ ಫ್ರಿಜ್‌ಗೆ ಹೋಗಲಿ. ಜೋನಿ ಬೆಲ್ಲಕ್ಕೆ ಒದ್ದೆ ಚಮಚ ಅದ್ದಬೇಡಿ. ನೀರು ಸೇರಿದ ಕಡೆಯಿಂದಲೇ ನೊರೆಗಟ್ಟಿ ಹುಳಿ ವಾಸನೆ ಹೊಡೆಯಲು ಶುರುವಾಗುತ್ತದೆ. ತಳದಲ್ಲಿ ಹರಳು ಕಟ್ಟಿದ್ದರೆ ಅದು ಕೆಟ್ಟಿಲ್ಲ, ತೆಗೆದು ಸಾರಿಗೆ ಹಾಕಿ. ಜೇನು ಗಡ್ಡೆ ಕಟ್ಟಿದರೂ ಹಾಗೇ: ಬಾಟಲಿಯನ್ನು ಕೈ ಸಹಿಸುವಷ್ಟು ಬಿಸಿಯ ನೀರಿನಲ್ಲಿ ಅರ್ಧ ಗಂಟೆ ಇಡಿ, ಕರಗುತ್ತದೆ. ಒಲೆಯ ಮೇಲಾಗಲಿ ಮೈಕ್ರೋವೇವ್‌ನಲ್ಲಾಗಲಿ ಬೇಡ.